ಹೋಲುವ ಪದಗಳ ನಂಟನ್ನು ಪರೀಕ್ಷಿಸುವ ಕ್ರಮ

ಸಂಸ್ಕೃತದ ‘ನಾಮನ್’, ಲ್ಯಾಟಿನ್ನಿನ ‘ನೋಮೆನ್’, ಇಂಗ್ಲಿಷಿನ ‘ನೇಮ್’, ಜಪಾನಿಯ ‘ನಮಾಎ’ ಈ ನಾಲ್ಕಕ್ಕೂ ಹೆಸರು ಎಂಬುದೇ ಅರ್ಥ. ಕನ್ನಡದಲ್ಲಿಯೂ ‘ನಾಮ’ ಇದೆ. ಐದನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಿದವರಿಗೆ ಇವೆಲ್ಲ ಒಂದೇ ಮೂಲದವು ಎಂದು ತೋರುವುದು ಸಹಜ. ಆದರೆ ಇವುಗಳ ನಡುವೆ ಇರುವುದು ಒಂದೇ ಬಗೆಯ ನಂಟಲ್ಲ. ಮೊದಲ ಮೂರು ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಪದದಿಂದ ಬೇರೆ ಬೇರೆ ದಾರಿಗಳಲ್ಲಿ ಇಳಿದುಬಂದ ಜ್ಞಾತಿಪದಗಳು. ಕನ್ನಡದ ‘ನಾಮ’ ಸಂಸ್ಕೃತದಿಂದ ಪಡೆದ ಎರವಲು. ನಮ್ಮ ಸ್ವಂತ ಪದ ‘ಹೆಸರು’. ಜಪಾನಿಯ ‘ನಮಾಎ’ಯಾದರೋ ಹೆಸರು ಎಂಬರ್ಥದ ‘ನ’ ಮತ್ತು ಮುಂಭಾಗ ಎಂಬರ್ಥದ ‘ಮಾಎ’ ಸೇರಿ ಆದ ಸಮಾಸ. ಅದರಲ್ಲಿನ ಮಕಾರಕ್ಕೂ ‘ನಾಮನ್’ ಪದದ ಮಕಾರಕ್ಕೂ ಸಂಬಂಧವಿಲ್ಲ, ಅಲ್ಲಿರುವ ಹೋಲಿಕೆ ಕೇವಲ ಆಕಸ್ಮಿಕ.

ಎರಡು ಭಾಷೆಗಳ ಪದಗಳು ಒಂದನ್ನೊಂದು ಹೋಲುವುದಕ್ಕೆ ನಾಲ್ಕು ಕಾರಣಗಳಿರಬಹುದು: ಎರಡೂ ಒಂದೇ ಪೂರ್ವಜ ಪದದಿಂದ ಬಂದಿರಬಹುದು, ಒಂದು ಭಾಷೆ ಇನ್ನೊಂದರಿಂದ ಎರವಲು ಪಡೆದಿರಬಹುದು, ಮಗುವಿನ ತೊದಲುನುಡಿ ಅಥವಾ ನಿಸರ್ಗದ ಸದ್ದಿನ ಅನುಕರಣೆ ಎರಡಕ್ಕೂ ಮೂಲವಾಗಿರಬಹುದು, ಅಥವಾ ಹೋಲಿಕೆ ಆಕಸ್ಮಿಕವಾಗಿರಬಹುದು. ಇವುಗಳಲ್ಲಿ ಯಾವುದು ನಿಜ ಎಂಬುದನ್ನು ಹೋಲಿಕೆಯೇ ಹೇಳಲಾರದು. ಅದನ್ನು ಕಂಡುಕೊಳ್ಳಲು ಭಾಷಾವಿಜ್ಞಾನಿಗಳು ಅನುಸರಿಸುವ ಕ್ರಮವನ್ನು, ವಿಶೇಷ ತರಬೇತಿಯಿಲ್ಲದ ಓದುಗರೂ ಬಳಸಬಹುದಾದ ರೀತಿಯಲ್ಲಿ, ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಅಕ್ಷರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯುವುದು

ಹೋಲಿಸಬೇಕಾದ ಪ್ರತಿಯೊಂದು ಪದಕ್ಕೂ ಮೂರು ವಿವರಗಳನ್ನು ಬರೆದುಕೊಳ್ಳಿ: ಅದರ ನಿಜವಾದ ಉಚ್ಚಾರಣೆ, ವಾಕ್ಯಗಳಲ್ಲಿ ಅದಕ್ಕಿರುವ ಅರ್ಥ, ಅದು ಯಾವ ಕಾಲದ ಭಾಷೆಗೆ ಸೇರಿದ್ದು ಎಂಬುದು. ಕಾಗುಣಿತವನ್ನು ನಂಬಿ ಮುಂದುವರಿದರೆ ದಾರಿ ತಪ್ಪುವುದು ಖಚಿತ. ಇಂಗ್ಲಿಷಿನಲ್ಲಿ ದ್ವೀಪವನ್ನು ಸೂಚಿಸುವ ‘ಐಲೆಂಡ್’ ಮತ್ತು ‘ಐಲ್’ ಎಂಬ ಎರಡು ಪದಗಳಿವೆ. ಎರಡರ ಬರಹದಲ್ಲಿಯೂ ಉಚ್ಚರಿಸದ ಎಸ್ ಅಕ್ಷರವಿರುವುದರಿಂದ ಮೊದಲನೆಯದು ಎರಡನೆಯದರ ವಿಸ್ತರಣೆ ಎಂದೇ ತೋರುತ್ತದೆ. ವಾಸ್ತವದಲ್ಲಿ ‘ಐಲ್’ ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಫ್ರೆಂಚಿನ ಮೂಲಕ ಬಂದದ್ದು, ‘ಐಲೆಂಡ್’ ಜರ್ಮಾನಿಕ್ ಮೂಲದ, ಇಂಗ್ಲಿಷಿನ ಸ್ವಂತ ಪದ. ಅದರ ಬರಹದಲ್ಲಿ ಎಸ್ ಅಕ್ಷರ ಮೊದಲು ಇರಲೇ ಇಲ್ಲ. ‘ಐಲ್’ ಪದಕ್ಕೆ ಅದು ಸಂಬಂಧಿಸಿದೆ ಎಂದು ತಪ್ಪಾಗಿ ಭಾವಿಸಿದ ಬರಹಗಾರರು ಅದನ್ನು ಮುಂದೆ ಸೇರಿಸಿದರು. ಎಂದರೆ ಇಂದು ನಮಗೆ ಕಾಣುವ ಹೋಲಿಕೆಯ ಒಂದು ಭಾಗವನ್ನು ಹಿಂದಿನವರ ತಪ್ಪು ಊಹೆಯೇ ನಿರ್ಮಿಸಿದೆ.

ಲಿಪಿಯ ಮಿತಿಗಳನ್ನೂ ಗಮನದಲ್ಲಿಡಬೇಕು. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಿರುವುದರಿಂದ, ಅಕ್ಷರದಿಂದ ಅಕ್ಷರಕ್ಕೆ ಲಿಪ್ಯಂತರ ಮಾಡಿದ ತಮಿಳು ಪದವು ಕನ್ನಡದ ಪದಕ್ಕಿಂತ ಬೇರೆಯಾಗಿ ಕಂಡರೂ ಕಿವಿಗೆ ಎರಡೂ ಒಂದೇ ಆಗಿ ಕೇಳಬಹುದು.

ಎರಡನೆಯ ಹೆಜ್ಜೆ: ಪದದ ಹಳೆಯ ರೂಪಕ್ಕೆ ಹೋಗುವುದು

ಇಂದಿನ ರೂಪಗಳನ್ನು ಪರಸ್ಪರ ಹೋಲಿಸುವುದು ಹೆಚ್ಚಿನ ತಪ್ಪುಗಳ ಮೂಲ. ಎರಡು ಪದಗಳು ಇಂದು ಒಂದೇ ರೀತಿ ಕಂಡರೆ, ಸಾವಿರ ವರ್ಷಗಳ ಹಿಂದೆಯೂ ಅವು ಹಾಗೆಯೇ ಇದ್ದವೇ ಎಂದು ಕೇಳಬೇಕು. ಇಂಗ್ಲಿಷಿನ ‘ಬ್ಯಾಡ್’ ಮತ್ತು ಪಾರ್ಸಿಯ ‘ಬದ್’ ಇವೆರಡರ ಅರ್ಥವೂ ಕೆಟ್ಟದ್ದು ಎಂದೇ. ನಮ್ಮಲ್ಲಿ ಬಳಕೆಯಲ್ಲಿರುವ ‘ಬದ್ಮಾಶ್’ ಪದದಲ್ಲಿರುವುದು ಈ ಪಾರ್ಸಿ ಪದವೇ. ಪಾರ್ಸಿ ಮತ್ತು ಇಂಗ್ಲಿಷ್ ಒಂದೇ ದೊಡ್ಡ ಕುಟುಂಬದ ಭಾಷೆಗಳಾದ್ದರಿಂದ ಈ ಜೋಡಿ ಇನ್ನಷ್ಟು ನಂಬಿಕೆ ಹುಟ್ಟಿಸುತ್ತದೆ. ಆದರೆ ಮಧ್ಯಕಾಲೀನ ಪಾರ್ಸಿಯಲ್ಲಿ ಈ ಪದದ ರೂಪ ‘ವದ್’ ಎಂದಿತ್ತು. ವಕಾರವು ಬಕಾರವಾದದ್ದು ಪಾರ್ಸಿಯಲ್ಲಿ ಆಮೇಲೆ ನಡೆದ ಬದಲಾವಣೆ. ಹಿಂದಕ್ಕೆ ಹೋದಂತೆ ಈ ಎರಡು ಪದಗಳು ಹತ್ತಿರವಾಗುವ ಬದಲು ದೂರವಾಗುತ್ತವೆ. ನಿಜವಾದ ಜ್ಞಾತಿಪದಗಳ ನಡತೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿರುತ್ತದೆ.

ಬಹಳ ಎಂಬರ್ಥದ ಇಂಗ್ಲಿಷಿನ ‘ಮಚ್’ ಮತ್ತು ಸ್ಪ್ಯಾನಿಷಿನ ‘ಮುಚೊ’ ಇಂಥದೇ ಇನ್ನೊಂದು ಜೋಡಿ. ಮೊದಲನೆಯದರ ಹಳೆಯ ರೂಪ ‘ಮಿಚೆಲ್’, ಎರಡನೆಯದರ ಮೂಲ ಲ್ಯಾಟಿನ್ನಿನ ‘ಮುಲ್ತುಸ್’. ಚಕಾರ ಎರಡರಲ್ಲಿಯೂ ಬೇರೆ ಬೇರೆ ಕಾರಣಗಳಿಂದ, ಬೇರೆ ಬೇರೆ ಧ್ವನಿಗಳಿಂದ ಹುಟ್ಟಿತು. ಇಂಥ ಉದಾಹರಣೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಮ್ಬಾಬರಮ್ ಭಾಷೆಯದು. ಈಗ ಮಾತನಾಡುವವರಿಲ್ಲದ ಆ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು, ಅದೂ ಇಂಗ್ಲಿಷಿನ ಎರವಲಲ್ಲದೆ. ಇದನ್ನು ದಾಖಲಿಸಿದ ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಅದರ ಮೂಲವನ್ನು ವಿವರಿಸಿದ್ದಾರೆ: ನೆರೆಯ ಯಿದಿಞ್ ಭಾಷೆಯಲ್ಲಿ ಉಳಿದುಕೊಂಡ ‘ಗುಡಗ’ ಎಂಬ ಪದವೇ, ಮೊದಲ ಭಾಗ ಬಿದ್ದುಹೋಗಿ ಸ್ವರಗಳು ಬದಲಾಗಿ, ಮ್ಬಾಬರಮ್‌ನಲ್ಲಿ ಈ ರೂಪಕ್ಕೆ ಬಂದಿದೆ. ಪದಾದಿಯ ಇಂಥ ಲೋಪ ಆ ಭಾಷೆಯ ಇತರ ಪದಗಳಲ್ಲಿಯೂ ಕಾಣುವ ನಿಯಮ. ರೂಪ, ಅರ್ಥ ಎರಡೂ ಪೂರ್ಣವಾಗಿ ಹೊಂದಿಕೊಂಡ ಮಾತ್ರಕ್ಕೆ ನಂಟು ಸಿದ್ಧವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇದೇ ಹಂತದಲ್ಲಿ ಪದವನ್ನು ಅದರ ಘಟಕಗಳಾಗಿ ಬಿಡಿಸಬೇಕು. ಪ್ರತ್ಯಯ, ಉಪಸರ್ಗ, ಸಮಾಸದ ಎರಡನೆಯ ಪದ ಇವುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಧಾತುವನ್ನು ಮಾತ್ರ ಹೋಲಿಸಬೇಕು. ಜಪಾನಿಯ ‘ನಮಾಎ’ಯನ್ನು ಬಿಡಿಸಿದಾಗ ಉಳಿದದ್ದು ಒಂದೇ ಒಂದು ಅಕ್ಷರ, ಅಷ್ಟು ಚಿಕ್ಕ ಪದ ಯಾವ ಭಾಷೆಯ ಯಾವ ಪದವನ್ನಾದರೂ ಹೋಲಬಹುದು. ಹವಾಯಿ ಭಾಷೆಯಲ್ಲಿರುವುದು ಕೇವಲ 8 ವ್ಯಂಜನಗಳು. ಧ್ವನಿಗಳ ಸಂಖ್ಯೆ ಕಡಿಮೆಯಾದಷ್ಟೂ, ಪದ ಗಿಡ್ಡವಾದಷ್ಟೂ ಆಕಸ್ಮಿಕ ಹೋಲಿಕೆಯ ಸಾಧ್ಯತೆ ಹೆಚ್ಚುತ್ತದೆ.

ಮೂರನೆಯ ಹೆಜ್ಜೆ: ತೊದಲುನುಡಿ ಮತ್ತು ಅನುಕರಣ ಪದಗಳನ್ನು ಬದಿಗಿಡುವುದು

ಅಪ್ಪ, ಅಮ್ಮ, ಪಾಪಾ, ಮಾಮಾ ಮುಂತಾದ ಪದಗಳು ಪರಸ್ಪರ ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಕಾಣುತ್ತವೆ. ಕೊರಿಯನ್ ಭಾಷೆಯಲ್ಲಿ ತಂದೆಗೆ ‘ಅಪ್ಪ’ ಎನ್ನುವುದನ್ನು ಕೇಳಿ ಆ ಭಾಷೆಗೂ ದ್ರಾವಿಡ ಭಾಷೆಗಳಿಗೂ ನಂಟನ್ನು ಕಲ್ಪಿಸುವವರು ಅನೇಕರಿದ್ದಾರೆ. ತುಟಿಗಳನ್ನು ಮುಚ್ಚಿ ತೆರೆದರೆ ಸಾಕು, ಪ, ಬ, ಮ ಧ್ವನಿಗಳು ಹುಟ್ಟುತ್ತವೆ. ಮಗುವಿನ ಬಾಯಿಯಿಂದ ಮೊದಲು ಬರುವ ಧ್ವನಿಗಳು ಇಂಥವೇ ಆದ್ದರಿಂದ, ಹತ್ತಿರವಿರುವ ಹಿರಿಯರು ಅವನ್ನು ತಮ್ಮ ಹೆಸರೆಂದು ಸ್ವೀಕರಿಸುತ್ತಾರೆ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದರು. ಯಾವ ಧ್ವನಿ ಯಾರಿಗೆ ಸಲ್ಲಬೇಕೆಂಬುದು ಎಲ್ಲೆಡೆ ಒಂದೇ ಆಗಿಲ್ಲ: ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ.

ಕಾಗೆ, ಕಾಕ, ಕೋಕಿಲ, ಕುಕ್ಕುಟ, ಇಂಗ್ಲಿಷಿನ ‘ಕುಕೂ’, ಲ್ಯಾಟಿನ್ನಿನ ‘ಕುಕುಲುಸ್’ ಇವುಗಳೆಲ್ಲ ಹಕ್ಕಿಯ ಕೂಗನ್ನು ಅನುಸರಿಸಿ ಹುಟ್ಟಿದ ಪದಗಳು. ಇವುಗಳಲ್ಲಿ ಕೆಲವು ನಿಜವಾಗಿಯೂ ಸಂಬಂಧಿಗಳಾಗಿರಬಹುದು, ಆದರೆ ಭಾಷಾಸಂಬಂಧವನ್ನು ಸಾಧಿಸುವ ಪುರಾವೆಯಾಗಿ ಇವನ್ನು ಬಳಸಬಾರದು.

ನಾಲ್ಕನೆಯ ಹೆಜ್ಜೆ: ಹೋಲಿಕೆಯನ್ನಲ್ಲ, ನಿಯಮವನ್ನು ಹುಡುಕುವುದು

ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಜ್ಞಾತಿಪದಗಳನ್ನು ಗುರುತಿಸುವುದು ಅವುಗಳ ಹೋಲಿಕೆಯಿಂದಲ್ಲ, ಧ್ವನಿಗಳ ನಡುವಿನ ನಿಯತವಾದ ಅನುರೂಪತೆಯಿಂದ. ಒಂದು ಭಾಷೆಯ ಒಂದು ಧ್ವನಿಗೆ ಇನ್ನೊಂದು ಭಾಷೆಯಲ್ಲಿ ಒಂದು ನಿರ್ದಿಷ್ಟ ಧ್ವನಿ, ಅನೇಕ ಪದಗಳಲ್ಲಿ, ಮತ್ತೆ ಮತ್ತೆ ಎದುರಾಗಬೇಕು. ತಮಿಳಿನ ‘ಪಾಲ್’, ‘ಪಲ್’, ‘ಪತ್ತು’, ‘ಪುಲಿ’ ಪದಗಳಿಗೆ ಎದುರಾಗಿ ಕನ್ನಡದಲ್ಲಿ ‘ಹಾಲು’, ‘ಹಲ್ಲು’, ‘ಹತ್ತು’, ‘ಹುಲಿ’ ಇವೆ. ಅಲ್ಲಿ ಪಕಾರವಿರುವೆಡೆ ಇಲ್ಲಿ ಹಕಾರ. ಹಳಗನ್ನಡದಲ್ಲಿ ಈ ಪದಗಳೆಲ್ಲ ಪಕಾರದಿಂದಲೇ ಆರಂಭವಾಗುತ್ತಿದ್ದವು, ಆದ್ದರಿಂದ ಬದಲಾದದ್ದು ಕನ್ನಡ ಎಂಬುದು ಶಾಸನ ಮತ್ತು ಕಾವ್ಯಗಳ ಬರಹದಿಂದಲೇ ತಿಳಿಯುತ್ತದೆ. ಹಾಗೆಯೇ ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ: ‘ವೇರ್’ ಮತ್ತು ‘ಬೇರು’, ‘ವಾಯ್’ ಮತ್ತು ‘ಬಾಯಿ’, ‘ವಿರಲ್’ ಮತ್ತು ‘ಬೆರಳು’. ತೆಲುಗಿನಲ್ಲಿ ಇಕಾರ ಎಕಾರಗಳಿಗೆ ಮೊದಲು ಚಕಾರವಿದ್ದರೆ ಕನ್ನಡದಲ್ಲಿ ಕಕಾರ: ‘ಚೆವಿ’ ಮತ್ತು ‘ಕಿವಿ’, ‘ಚೆರುವು’ ಮತ್ತು ‘ಕೆರೆ’.

ಎರಡು ನಿಯಮಗಳು ಒಂದೇ ಪದದಲ್ಲಿ ಕೂಡಿದಾಗ ಪುರಾವೆಯ ಬಲ ಬಹಳ ಹೆಚ್ಚುತ್ತದೆ. ತಮಿಳಿನ ‘ಉಯಿರ್’ ಕನ್ನಡದ ‘ಉಸಿರು’, ತಮಿಳಿನ ‘ಪೆಯರ್’ ಕನ್ನಡದ ‘ಹೆಸರು’. ಪದದ ನಡುವೆ ಅಲ್ಲಿ ಯಕಾರವಿರುವೆಡೆ ಇಲ್ಲಿ ಸಕಾರ. ಈಗ ಹೊಟ್ಟೆ ಎಂಬರ್ಥದ ತಮಿಳಿನ ‘ವಯಿರು’ ಪದವನ್ನು ತೆಗೆದುಕೊಳ್ಳಿ. ವಕಾರಕ್ಕೆ ಬಕಾರ, ಯಕಾರಕ್ಕೆ ಸಕಾರ ಎಂಬ ಎರಡೂ ನಿಯಮಗಳನ್ನು ಅನ್ವಯಿಸಿದರೆ ದೊರೆಯುವುದು ‘ಬಸಿರು’. ಕೇಳುವ ಕಿವಿಗೆ ‘ವಯಿರು’ ಮತ್ತು ‘ಬಸಿರು’ ಹತ್ತಿರವೆನಿಸುವುದಿಲ್ಲ, ಅರ್ಥವೂ ಸ್ವಲ್ಪ ಸರಿದಿದೆ. ಆದರೂ ಇವು ಜ್ಞಾತಿಪದಗಳೆನ್ನಲು ಇರುವ ಆಧಾರ ‘ಬ್ಯಾಡ್’ ಮತ್ತು ‘ಬದ್’ ಜೋಡಿಗೆ ಎಂದಿಗೂ ಇಲ್ಲ. ಕನ್ನಡ ಬಲ್ಲವರಿಗೆ ಈ ವಿಧಾನದ ಸೊಗಸನ್ನು ಮನಗಾಣಿಸಲು ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಇದು.

ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಇಂಥ ನಿಯಮಗಳನ್ನು 1822ರಲ್ಲಿ ಯಾಕೋಬ್ ಗ್ರಿಮ್ ವ್ಯವಸ್ಥಿತವಾಗಿ ನಿರೂಪಿಸಿದರು. ಸಂಸ್ಕೃತ ಮತ್ತು ಲ್ಯಾಟಿನ್ನಿನ ಪಕಾರಕ್ಕೆ ಇಂಗ್ಲಿಷಿನಲ್ಲಿ ಫಕಾರ: ‘ಪಿತೃ’, ‘ಪಾತೆರ್’, ‘ಫಾದರ್’. ದಕಾರಕ್ಕೆ ಟಕಾರ: ‘ದ್ವಿ’, ‘ದುಓ’, ‘ಟೂ’, ‘ದಶ’, ‘ದೆಕೆಮ್’, ‘ಟೆನ್’, ‘ದಂತ’ ಮತ್ತು ‘ಟೂತ್’. ಈ ನಿಯಮಗಳು ನಂಟನ್ನು ಸ್ಥಾಪಿಸುವಷ್ಟೇ ಖಂಡಿತವಾಗಿ ನಂಟನ್ನು ನಿರಾಕರಿಸುತ್ತವೆ. ದಿನ ಎಂಬರ್ಥದ ಲ್ಯಾಟಿನ್ನಿನ ‘ದಿಏಸ್’ ಮತ್ತು ಇಂಗ್ಲಿಷಿನ ‘ಡೇ’ ಜ್ಞಾತಿಗಳಾಗಿದ್ದರೆ ಇಂಗ್ಲಿಷ್ ಪದ ಟಕಾರದಿಂದ ಆರಂಭವಾಗಬೇಕಿತ್ತು. ಹಾಗಾಗಿಲ್ಲವಾದ್ದರಿಂದ ಅವು ಬೇರೆ ಬೇರೆ ಮೂಲದವು. ಇರುವುದು, ಹೊಂದಿರುವುದು ಎಂಬರ್ಥದ ಲ್ಯಾಟಿನ್ನಿನ ‘ಹಬೇರೆ’ ಮತ್ತು ಜರ್ಮನಿನ ‘ಹಾಬೆನ್’ ಇನ್ನೂ ಹೆಚ್ಚು ಮೋಸಗೊಳಿಸುವ ಜೋಡಿ. ಲ್ಯಾಟಿನ್ನಿನ ಕಕಾರಕ್ಕೆ ಜರ್ಮನಿನಲ್ಲಿ ಹಕಾರ ಬರುವುದು ನಿಯಮ. ನೂರು ಎಂಬರ್ಥದ ‘ಕೆಂತುಮ್’ ಮತ್ತು ‘ಹುಂಡರ್ಟ್’ ಇದಕ್ಕೆ ಸಾಕ್ಷಿ. ಅದರಂತೆ ‘ಹಾಬೆನ್’ ಪದದ ನಿಜವಾದ ಜ್ಞಾತಿ, ಹಿಡಿ ಎಂಬರ್ಥದ ಲ್ಯಾಟಿನ್ನಿನ ‘ಕಪೇರೆ’.

ಇದರ ಇನ್ನೊಂದು ಮುಖವೂ ಇದೆ. ಸಂಸ್ಕೃತದ ‘ಚಕ್ರ’, ಗಾಲಿ ಎಂಬರ್ಥದ ಇಂಗ್ಲಿಷಿನ ‘ವೀಲ್’, ಗ್ರೀಕಿನ ‘ಕುಕ್ಲೊಸ್’ ಈ ಮೂರೂ ಒಂದೇ ಪೂರ್ವಜ ಪದದ ಸಂತತಿ. ಗ್ರೀಕಿನ ಪದದಿಂದ ಇಂಗ್ಲಿಷಿಗೆ ‘ಸೈಕಲ್’ ಬಂತು, ಅದು ಅಲ್ಲಿಂದ ಕನ್ನಡಕ್ಕೂ ಬಂದುದರಿಂದ ನಮ್ಮ ‘ಸೈಕಲ್ಲಿನ ಚಕ್ರ’ ಎಂಬ ಮಾತಿನಲ್ಲಿ ಒಂದೇ ಮೂಲಪದದ ಎರಡು ರೂಪಗಳು ಜೊತೆಗೂಡಿವೆ. ಎರಡು ಎಂಬರ್ಥದ ಆರ್ಮೇನಿಯನ್ ಪದ ‘ಎರ್ಕು’. ಇದಕ್ಕೂ ಸಂಸ್ಕೃತದ ‘ದ್ವಿ’ಗೂ ಒಂದೇ ಒಂದು ಸಮಾನ ಧ್ವನಿಯೂ ಇಲ್ಲ. ಆದರೂ ಅವು ಜ್ಞಾತಿಗಳೇ, ಏಕೆಂದರೆ ಮೂಲದ ದ್ವಕಾರವು ಆರ್ಮೇನಿಯನ್ನಿನಲ್ಲಿ ರ್ಕಕಾರವಾಗುವುದು ಬೇರೆ ಪದಗಳಲ್ಲಿಯೂ ಕಂಡುಬರುತ್ತದೆ. ಫ್ರೆಂಚ್ ವಿದ್ವಾಂಸ ಆಂತ್ವಾನ್ ಮೇಯೆ ಈ ಉದಾಹರಣೆಯನ್ನು ಮುಂದಿಟ್ಟು, ಭಾಷಾಸಂಬಂಧಕ್ಕೆ ಬೇಕಾದದ್ದು ಅನುರೂಪತೆಯೇ ಹೊರತು ಸಾದೃಶ್ಯವಲ್ಲ ಎಂಬುದನ್ನು ಮನಗಾಣಿಸಿದರು.

ಪದಪಟ್ಟಿಗಿಂತಲೂ ವ್ಯಾಕರಣ ಬಲವಾದ ಸಾಕ್ಷಿ. ಕಲ್ಕತ್ತೆಯಲ್ಲಿ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನಂಟನ್ನು ಕುರಿತು ಮಾತನಾಡಿದ ವಿಲಿಯಂ ಜೋನ್ಸ್ ಅವರು ಒತ್ತು ಕೊಟ್ಟದ್ದು ಕ್ರಿಯಾಧಾತುಗಳಿಗೆ ಮತ್ತು ವ್ಯಾಕರಣ ರೂಪಗಳಿಗೆ. ಸಂಸ್ಕೃತದ ‘ಅಸ್ತಿ, ಸಂತಿ’, ಲ್ಯಾಟಿನ್ನಿನ ‘ಎಸ್ತ್, ಸುಂತ್’, ಜರ್ಮನಿನ ‘ಇಸ್ಟ್, ಜಿಂಟ್’ ಇವುಗಳನ್ನು ನೋಡಿ: ಏಕವಚನದಲ್ಲಿ ಪದಾದಿಯ ಸ್ವರವಿದೆ, ಬಹುವಚನದಲ್ಲಿ ಅದು ಲೋಪವಾಗಿದೆ. ಇಂಥ ಅಸಾಮಾನ್ಯ ವ್ಯತ್ಯಾಸ ಮೂರೂ ಕಡೆ ಒಂದೇ ರೀತಿ ಇರುವುದು ಆಕಸ್ಮಿಕವಾಗಲಾರದು, ಎರವಲೂ ಆಗಲಾರದು. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಬೇರೆಯಾದ ಒಂದು ಕುಟುಂಬಕ್ಕೆ ಸೇರಿದವು ಎಂಬುದನ್ನು 1816ರಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಪ್ರತಿಪಾದಿಸಿದರು. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಅದನ್ನು ತೌಲನಿಕ ವ್ಯಾಕರಣದ ಮೂಲಕ ವಿಸ್ತರಿಸಿದರು.

ಐದನೆಯ ಹೆಜ್ಜೆ: ಎರವಲಿನ ಜಾಡು ಮತ್ತು ಅದರ ದಿಕ್ಕು

ಧ್ವನಿ ನಿಯಮಕ್ಕೆ ಒಳಪಡದೆಯೂ ಪದಗಳು ಬಹಳ ಹತ್ತಿರವಾಗಿದ್ದರೆ ಎರವಲನ್ನು ಶಂಕಿಸಬೇಕು. ಯಾರು ಯಾರಿಂದ ಪಡೆದರು ಎಂಬುದನ್ನು ನಿರ್ಧರಿಸಲು ಕೆಲವು ಗುರುತುಗಳು ನೆರವಾಗುತ್ತವೆ.

ಪದವನ್ನು ಯಾವ ಭಾಷೆ ತನ್ನ ಸ್ವಂತ ಧಾತುವಿನಿಂದ ಸಹಜವಾಗಿ ವಿವರಿಸಬಲ್ಲದು ಎಂಬುದು ಮೊದಲ ಗುರುತು. ‘ಕೇಂದ್ರ’ ಮತ್ತು ಇಂಗ್ಲಿಷಿನ ‘ಸೆಂಟರ್’ ಎರಡೂ ಗ್ರೀಕಿನ ‘ಕೆಂತ್ರೊನ್’ ಪದದಿಂದ ಬಂದವು. ಮೊದಲನೆಯದು ಜ್ಯೋತಿಷ ಗ್ರಂಥಗಳ ಮೂಲಕ ಸಂಸ್ಕೃತಕ್ಕೆ, ಎರಡನೆಯದು ಲ್ಯಾಟಿನ್ ಮತ್ತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ. ಗ್ರೀಕಿನಲ್ಲಿ ಚುಚ್ಚು ಎಂಬರ್ಥದ ಧಾತುವಿನಿಂದ ಮೊನೆ ಎಂಬರ್ಥದ ಈ ಪದ ಸಿದ್ಧವಾಗುತ್ತದೆ, ವೃತ್ತವನ್ನೆಳೆಯುವಾಗ ಊರುವ ಮೊನೆಯಿಂದ ವೃತ್ತದ ನಡುಬಿಂದುವಿಗೆ ಆ ಹೆಸರು ಬಂತು. ಸಂಸ್ಕೃತದಲ್ಲಿ ಇದಕ್ಕೆ ಅಂಥ ಸಹಜವಾದ ನಿಷ್ಪತ್ತಿಯಿಲ್ಲ. ‘ಹೋರಾ’ ಎಂಬುದೂ ಹೀಗೆಯೇ ಗ್ರೀಕಿನಿಂದ ಬಂದದ್ದು. ಇಂಗ್ಲಿಷಿನ ‘ಅವರ್’ ಪದದ ಮೂಲವೂ ಅದೇ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ, ‘ಅಹೋರಾತ್ರ’ ಪದದ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಆಯಿತು ಎಂಬ ಕೆಲವರ ಅಭಿಪ್ರಾಯವನ್ನು ದಾಖಲಿಸಿದ್ದಾನೆ. ಪರಭಾಷೆಯ ಪದಕ್ಕೆ ತಮ್ಮ ಭಾಷೆಯಲ್ಲಿಯೇ ನಿಷ್ಪತ್ತಿಯನ್ನು ಕಟ್ಟುವ ಪ್ರವೃತ್ತಿ ಎಷ್ಟು ಹಳೆಯದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಎರಡೂ ತುದಿಗಳ ಅಕ್ಷರಗಳನ್ನು ಒಟ್ಟಿಗೆ ಕಳಚುವ ಇಂಥ ನಿಯಮ ಸಂಸ್ಕೃತದ ಬೇರೆ ಪದಗಳಲ್ಲಿ ಕಾಣದಿರುವುದೇ ಆ ವಿವರಣೆಯ ದೌರ್ಬಲ್ಯ.

ಧ್ವನಿಗಳ ಹೊಂದಾಣಿಕೆ ಎರಡನೆಯ ಗುರುತು. ಕನ್ನಡದ ಪದದಲ್ಲಿ ಮಹಾಪ್ರಾಣವಿದ್ದರೆ ಅದು ಹೆಚ್ಚಾಗಿ ಎರವಲು. ಇನ್ನೂ ಸ್ವಾರಸ್ಯವಾದದ್ದೆಂದರೆ ಧ್ವನಿ ಬದಲಾವಣೆಯು ಎರವಲಿನ ಕಾಲವನ್ನೂ ಹೇಳಬಲ್ಲದು. ಸಂಸ್ಕೃತದ ‘ಪರ್ವ’ದಿಂದ ‘ಹಬ್ಬ’, ‘ಪಕ್ಷಿ’ಯಿಂದ ‘ಹಕ್ಕಿ’ ಬಂದಿವೆ. ಪಕಾರ ಹಕಾರವಾಗುವ ಮೊದಲೇ ಇವು ಕನ್ನಡದೊಳಗೆ ಬೆರೆತಿದ್ದರಿಂದ ಕನ್ನಡದ ಸ್ವಂತ ಪದಗಳೊಡನೆ ತಾವೂ ಬದಲಾದವು. ‘ಪರ್ವ’, ‘ಪಕ್ಷಿ’ ಎಂಬ ರೂಪಗಳು ಪಂಡಿತರ ಬರಹದ ಮೂಲಕ ಸಂಸ್ಕೃತದಲ್ಲಿದ್ದಂತೆಯೇ ಉಳಿದವು. ತತ್ಸಮ, ತದ್ಭವ ಎಂಬ ಹಳೆಯ ವಿಂಗಡಣೆಯನ್ನು ಹೀಗೆ ಓದಿದರೆ ಅದು ಪದಗಳ ಕಾಲಗಣನೆಗೂ ಉಪಯೋಗಕ್ಕೆ ಬರುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ಪಡೆಯುವ ರೂಪಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದನ್ನು ಇಲ್ಲಿ ನೆನೆಯಬೇಕು.

ವಸ್ತುವಿನ ಇತಿಹಾಸ ಮೂರನೆಯ ಗುರುತು. ವಸ್ತು ಎಲ್ಲಿಂದ ಹೊರಟಿತೋ ಪದವೂ ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತದೆ. ಸಂಸ್ಕೃತದ ‘ಶರ್ಕರಾ’ ಪ್ರಾಕೃತದ ಮೂಲಕ ಕನ್ನಡದಲ್ಲಿ ‘ಸಕ್ಕರೆ’ಯಾಯಿತು, ಇತ್ತ ಪಾರ್ಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ ಯುರೋಪನ್ನು ಸೇರಿ ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ‘ಚಹಾ’ ಮತ್ತು ‘ಟೀ’ ಪರಸ್ಪರ ಹೋಲದಿದ್ದರೂ ಒಂದೇ ಚೀನೀ ಪದದ ಎರಡು ಪ್ರಾದೇಶಿಕ ಉಚ್ಚಾರಣೆಗಳಿಂದ ಹೊರಟವು.

ಎರವಲು ಮತ್ತು ಜ್ಞಾತಿತ್ವ ಎರಡೂ ಒಂದೇ ಪದದಲ್ಲಿ ಕೂಡಿರಲೂಬಹುದು. ‘ಪಾದ್ರಿ’ ಪೋರ್ಚುಗೀಸರಿಂದ ಬಂದ ಪದ; ಅದರ ಮೂಲವಾದ ಲ್ಯಾಟಿನ್ನಿನ ‘ಪಾತೆರ್’ ಸಂಸ್ಕೃತದ ‘ಪಿತೃ’ವಿನ ಜ್ಞಾತಿ. ಆದ್ದರಿಂದ ಕನ್ನಡದ ‘ಪಿತೃ’ ಮತ್ತು ‘ಪಾದ್ರಿ’ ಎರಡೂ ಎರವಲುಗಳಾಗಿದ್ದು, ಕನ್ನಡದ ಹೊರಗೆ ಅವುಗಳ ನಡುವೆ ರಕ್ತಸಂಬಂಧವಿದೆ.

ಕೈ, ಕಾಲು, ನೀರು, ಎರಡು, ನಾನು ಮುಂತಾದ ಮೂಲ ಪದಗಳು ಎರವಲಾಗುವುದು ಅಪರೂಪ ಎಂಬುದು ಸಾಮಾನ್ಯವಾಗಿ ನಿಜ. ಮೋರಿಸ್ ಸ್ವಾಡೆಶ್ ಭಾಷೆಗಳ ಹೋಲಿಕೆಗಾಗಿ ಇಂಥ ಪದಗಳ ಪಟ್ಟಿಯನ್ನೇ ಸಿದ್ಧಪಡಿಸಿದರು. ಆದರೆ ಇದಕ್ಕೂ ಅಪವಾದಗಳಿವೆ: ಇಂಗ್ಲಿಷಿನ ‘ದೇ’ ಎಂಬ ಸರ್ವನಾಮ ಸ್ಕ್ಯಾಂಡಿನೇವಿಯಾದಿಂದ ಬಂದದ್ದು, ಜಪಾನಿ ಭಾಷೆಯ ಒಂದು ಸಂಖ್ಯಾಸರಣಿಯೇ ಚೀನೀ ಭಾಷೆಯದು, ಕನ್ನಡದ ‘ಸಾವಿರ’ ಸಂಸ್ಕೃತದ ‘ಸಹಸ್ರ’ದ ತದ್ಭವ.

ಆರನೆಯ ಹೆಜ್ಜೆ: ಅರ್ಥ ಸರಿದ ದಾರಿಯನ್ನು ತೋರಿಸುವುದು

ರೂಪದ ಪರೀಕ್ಷೆಯಲ್ಲಿ ಗೆದ್ದ ಪದಗಳ ಅರ್ಥಗಳು ಬೇರೆಯಾಗಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೋದ ದಾರಿಯನ್ನು ಪುರಾವೆಗಳಿಂದ ತೋರಿಸಬೇಕು. ‘ಹೀಗಾಗಿರಬಹುದು’ ಎಂದರೆ ಸಾಲದು, ಏಕೆಂದರೆ ಕಲ್ಪನೆಗೆ ಸ್ವಾತಂತ್ರ್ಯ ಕೊಟ್ಟರೆ ಯಾವ ಅರ್ಥವನ್ನಾದರೂ ಯಾವ ಅರ್ಥಕ್ಕಾದರೂ ಜೋಡಿಸಬಹುದು. ಉಡುಗೊರೆ ಎಂಬರ್ಥದ ಇಂಗ್ಲಿಷಿನ ‘ಗಿಫ್ಟ್’ ಮತ್ತು ವಿಷ ಎಂಬರ್ಥದ ಜರ್ಮನಿನ ‘ಗಿಫ್ಟ್’ ನಿಜವಾದ ಜ್ಞಾತಿಗಳು. ಎರಡರ ಮೂಲಾರ್ಥ ಕೊಟ್ಟದ್ದು ಎಂದು. ವಧುವಿನೊಡನೆ ಕೊಡುವ ಧನಕ್ಕೆ ಜರ್ಮನಿನಲ್ಲಿ ‘ಮಿಟ್‌ಗಿಫ್ಟ್’ ಎನ್ನುವುದರಲ್ಲಿ ಹಳೆಯ ಅರ್ಥ ಉಳಿದುಕೊಂಡಿದೆ. ಹೀಗೆ ಸಮಾಸಗಳಲ್ಲಿ ಹಳೆಯ ಅರ್ಥ ಅಡಗಿರುವುದು ಸಾಮಾನ್ಯ. ಸಂಸ್ಕೃತದ ‘ಮೃಗ’ ಪದಕ್ಕೆ ಜಿಂಕೆ ಎಂಬ ಅರ್ಥ ಬಂದ ಮೇಲೂ ಸಿಂಹವನ್ನು ‘ಮೃಗರಾಜ’ ಎನ್ನುವಾಗ ಕಾಡುಪ್ರಾಣಿ ಎಂಬ ಮೊದಲಿನ ಅರ್ಥವೇ ಇದೆ. ಇಂಗ್ಲಿಷಿನ ‘ಡಿಯರ್’ ಸಹ ಮೊದಲು ಯಾವುದೇ ಪ್ರಾಣಿಯನ್ನು ಸೂಚಿಸುತ್ತಿತ್ತು, ಅದರ ಜರ್ಮನ್ ಜ್ಞಾತಿ ‘ಟೀರ್’ ಇಂದಿಗೂ ಪ್ರಾಣಿ ಎಂಬರ್ಥದಲ್ಲಿದೆ. ಪರಸ್ಪರ ಸಂಬಂಧವಿಲ್ಲದ ಎರಡು ಪದಗಳಲ್ಲಿ ಅರ್ಥ ಒಂದೇ ರೀತಿ ಸರಿದಿರುವುದು, ಅಂಥ ಸರಿಯುವಿಕೆ ಸಾಧ್ಯವೆಂಬುದಕ್ಕೆ ಸ್ವತಂತ್ರವಾದ ಸಾಕ್ಷಿ.

‘ದೇವ’ ಪದದ ಸುತ್ತ ಎಲ್ಲ ಬಗೆಯ ಸಂಬಂಧಗಳೂ ನೆರೆದಿವೆ. ಲ್ಯಾಟಿನ್ನಿನ ‘ದೇಉಸ್’ ಅದರ ಜ್ಞಾತಿ, ಅದೇ ಧಾತುವಿನ ‘ದಿವಿನುಸ್’ ಪದದಿಂದ ಬಂದ ಇಂಗ್ಲಿಷಿನ ‘ಡಿವೈನ್’ ಕೂಡ. ಇರಾನಿನ ಅವೆಸ್ತಾ ಭಾಷೆಯ ‘ದಏವ’ವೂ ಜ್ಞಾತಿಯೇ, ಆದರೆ ಅಲ್ಲಿ ಅದರ ಅರ್ಥ ದುಷ್ಟಶಕ್ತಿ. ಇದನ್ನು ಕೇಳಿದವರು ಇಂಗ್ಲಿಷಿನ ‘ಡೆವಿಲ್’ ಪದವನ್ನೂ ಈ ಸಾಲಿಗೆ ಸೇರಿಸಲು ಮುಂದಾಗುತ್ತಾರೆ. ಅದು ನಿಂದಕ ಎಂಬರ್ಥದ ಗ್ರೀಕಿನ ‘ದಿಯಾಬೊಲೊಸ್’ ಪದದಿಂದ ಬಂದದ್ದು, ಇದಕ್ಕೆ ಸೇರಿದ್ದಲ್ಲ. ದೇವರು ಎಂಬರ್ಥದ ಗ್ರೀಕಿನ ‘ಥೆಓಸ್’ ಕೂಡ, ‘ದೇಉಸ್’ ಪದವನ್ನು ಅಷ್ಟೊಂದು ಹೋಲಿದರೂ, ಬೇರೆ ಮೂಲದ್ದು. ಇಂಗ್ಲಿಷಿನಲ್ಲಿ ಜ್ಞಾತಿ ಎಲ್ಲಿದೆ ಎಂದರೆ, ದಕಾರಕ್ಕೆ ಟಕಾರ ಎಂಬ ನಿಯಮದಂತೆ, ಮಂಗಳವಾರದ ಹೆಸರಾದ ‘ಟ್ಯೂಸ್‌ಡೇ’ಯ ಮೊದಲ ಭಾಗದಲ್ಲಿ, ಅದು ‘ಟೀವ್’ ಎಂಬ ಹಳೆಯ ಜರ್ಮಾನಿಕ್ ದೇವತೆಯ ಹೆಸರು.

ನಿತ್ಯದ ಓದು ಮತ್ತು ಅನುವಾದದಲ್ಲಿ ಹೆಚ್ಚು ಎದುರಾಗುವುದು ಇನ್ನೊಂದು ತೊಡಕು: ಮೂಲ ಒಂದೇ, ಅರ್ಥ ಬೇರೆ. ಸಂಸ್ಕೃತದಿಂದ ಪಡೆದ ಪದಗಳು ಭಾರತದ ಪ್ರತಿಯೊಂದು ಭಾಷೆಯಲ್ಲಿಯೂ ತಮ್ಮದೇ ಜೀವನವನ್ನು ನಡೆಸಿವೆ. ‘ಅವಕಾಶ’ ಎಂದರೆ ಹಿಂದಿಯಲ್ಲಿ ರಜೆ, ಮಲಯಾಳದಲ್ಲಿ ಹಕ್ಕು. ‘ಉಪನ್ಯಾಸ’ ಹಿಂದಿ ಮತ್ತು ಬಂಗಾಳಿಗಳಲ್ಲಿ ಕಾದಂಬರಿ. ಆ ‘ಕಾದಂಬರಿ’ಯಾದರೋ 7ನೆಯ ಶತಮಾನದ ಬಾಣನ ಕೃತಿಯ ಹೆಸರಾಗಿದ್ದು, ಕನ್ನಡ ಮರಾಠಿಗಳಲ್ಲಿ ಒಂದು ಸಾಹಿತ್ಯ ಪ್ರಕಾರದ ಹೆಸರಾಯಿತು. ‘ಸಂಸಾರ’ ಮಲಯಾಳದಲ್ಲಿ ಮಾತುಕತೆ, ‘ಆಗ್ರಹ’ ಅಲ್ಲಿ ಬಯಕೆ. ‘ಉದ್ಯೋಗ’ ಹಿಂದಿಯಲ್ಲಿ ಕೈಗಾರಿಕೆ, ‘ಚೇಷ್ಟೆ’ ಪ್ರಯತ್ನ, ‘ಅನುಮಾನ’ ಅಂದಾಜು. ‘ಶಿಕ್ಷಾ’ ಹಿಂದಿಯಲ್ಲಿ ಕಲಿಕೆ, ಕನ್ನಡದಲ್ಲಿ ಅದು ದಂಡನೆ. ಈ ಕೊನೆಯದು ವಿಚಿತ್ರವೆನಿಸಿದರೆ, ‘ಬುದ್ಧಿ ಕಲಿಸುತ್ತೇನೆ’ ಎಂಬ ನಮ್ಮ ನುಡಿಗಟ್ಟಿಗೆ ಜಗಳದಲ್ಲಿ ಯಾವ ಅರ್ಥವಿರುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಅನುವಾದಕರು ಇಂಥ ಪದಗಳ ಪಟ್ಟಿಯೊಂದನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದು. ಅಪರಿಚಿತ ಪದಕ್ಕೆ ನಿಘಂಟು ನೋಡುವ ನಾವು ಪರಿಚಿತವೆನಿಸಿದ ಪದಕ್ಕೆ ನೋಡುವುದಿಲ್ಲ, ತಪ್ಪು ನುಸುಳುವುದು ಅಲ್ಲಿಯೇ.

ಏಳನೆಯ ಹೆಜ್ಜೆ: ನಿಘಂಟು ನೋಡಿ ಟಿಪ್ಪಣಿ ಬರೆಯುವುದು

ದ್ರಾವಿಡ ಪದಗಳಿಗೆ ಟಿ. ಬರೋ ಮತ್ತು ಎಂ. ಬಿ. ಎಮೆನೋ ಅವರ ದ್ರಾವಿಡ ಜ್ಞಾತಿಪದ ನಿಘಂಟು ಮೊದಲ ಆಶ್ರಯ. ಅದು 1961ರಲ್ಲಿ ಪ್ರಕಟವಾಯಿತು, ಪರಿಷ್ಕೃತ ಆವೃತ್ತಿ 1984ರಲ್ಲಿ ಬಂತು. ಇಂಡೋ-ಆರ್ಯನ್ ಭಾಷೆಗಳಿಗೆ ಆರ್. ಎಲ್. ಟರ್ನರ್ ಅವರ ತೌಲನಿಕ ನಿಘಂಟು ಇದೆ. ಎರಡೂ ಷಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ನಿಘಂಟು ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತವೆ. ಕನ್ನಡ ಪದಗಳ ಹಳೆಯ ರೂಪ ಮತ್ತು ಪ್ರಯೋಗಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಮತ್ತು 1894ರ ಕಿಟೆಲ್ ನಿಘಂಟು ನೆರವಾಗುತ್ತವೆ. 19ನೆಯ ಶತಮಾನದ ನಿಘಂಟುಗಳು ಅರ್ಥ ಮತ್ತು ಪ್ರಯೋಗಗಳಿಗೆ ಅಮೂಲ್ಯವಾದರೂ, ಅವುಗಳಲ್ಲಿನ ವ್ಯುತ್ಪತ್ತಿಯನ್ನು ನಂತರದ ಕೃತಿಗಳೊಡನೆ ಹೋಲಿಸಿ ನೋಡಬೇಕು. ನಿಘಂಟಿನಲ್ಲಿ ಪದಕ್ಕೆ ಮೊದಲು ನಕ್ಷತ್ರ ಚಿಹ್ನೆಯಿದ್ದರೆ ಅದು ಬರಹದಲ್ಲಿ ದೊರೆತ ರೂಪವಲ್ಲ, ಜ್ಞಾತಿಪದಗಳ ಆಧಾರದಿಂದ ಪುನರ್ರಚಿಸಿದ ರೂಪ ಎಂದು ತಿಳಿಯಬೇಕು.

ಟಿಪ್ಪಣಿಯಲ್ಲಿ ತೀರ್ಮಾನವನ್ನಷ್ಟೇ ಬರೆಯದೆ ಅದರ ಆಧಾರವನ್ನೂ ಬರೆಯಬೇಕು. ‘ವಯಿರು’ ಮತ್ತು ‘ಬಸಿರು’ ಜೋಡಿಗೆ ‘ಜ್ಞಾತಿಪದಗಳು, ವಕಾರಕ್ಕೆ ಬಕಾರ, ಯಕಾರಕ್ಕೆ ಸಕಾರ, ಹೋಲಿಸಿ: ವೇರ್ ಮತ್ತು ಬೇರು, ಉಯಿರ್ ಮತ್ತು ಉಸಿರು’ ಎಂದು ಬರೆದರೆ ಬೇರೊಬ್ಬರು ಅದನ್ನು ಪರಿಶೀಲಿಸಬಹುದು. ಕನ್ನಡದ ‘ಊರು’ ಮತ್ತು ನಗರ ಎಂಬರ್ಥದ ಸುಮೇರಿಯನ್ನಿನ ‘ಉರು’ ಜೋಡಿಯನ್ನು ಮುಂದಿಟ್ಟು ಎರಡು ನಾಗರಿಕತೆಗಳನ್ನೇ ಬೆಸೆಯುವ ಮಾತುಗಳನ್ನು ಆಗಾಗ ಕೇಳುತ್ತೇವೆ. ಅಲ್ಲಿ ಬರೆಯಬೇಕಾದದ್ದು ಇಷ್ಟು: ‘ರೂಪ ಮತ್ತು ಅರ್ಥ ಹತ್ತಿರ, ಪದ ಬಹಳ ಗಿಡ್ಡ, ನಿಯತವಾದ ಧ್ವನಿ ಅನುರೂಪತೆಯನ್ನು ತೋರಿಸುವ ಇತರ ಪದಗಳ ಸರಣಿ ಇಲ್ಲ, ವ್ಯಾಕರಣದ ಸಾಕ್ಷ್ಯವಿಲ್ಲ, ನಂಟು ಸಿದ್ಧವಾಗಿಲ್ಲ.’ ಇದರ ಕೆಳಗೆ ಒಂದೆರಡು ಸಾಲು ಖಾಲಿ ಬಿಟ್ಟು, ಯಾವ ಬಗೆಯ ಪುರಾವೆ ದೊರೆತರೆ ಈ ಅಭಿಪ್ರಾಯ ಬದಲಾಗಬೇಕು ಎಂಬುದನ್ನೂ ಗುರುತಿಸಿಟ್ಟುಕೊಳ್ಳಿ.